ರುಬ್ಬುವ ಗುಂಡು ಸರಿಸಿದ ಕೈ

ಎಪ್ಪತ್ತರ ದಶಕದ ಅಗ್ಗದ ಸಿನಿಮಾಗಳನ್ನು ಈಗ ಹುಡುಕಿ ಹುಡುಕಿ ನೋಡುವವರಿದ್ದಾರಂತೆ. ಒಂದೇ ಮನೆ, ಒಂದು ಬಾವಿ, ಒಂದು ನಾಲೆ, ಐದಾರು ಜನ, ಇಷ್ಟನ್ನೇ ಇಟ್ಟುಕೊಂಡು ಇಪ್ಪತ್ತು ದಿನದಲ್ಲಿ ತೆಗೆದು ಮುಗಿಸುತ್ತಿದ್ದ ಕಪ್ಪು ಬಿಳುಪು ಚಿತ್ರಗಳು. ಅತ್ತಿಗೆಗೂ ಮೈದುನನಿಗೂ, ಮಾವನಿಗೂ ಸೊಸೆಗೂ ಏನೋ ಇದೆ ಎಂದು ಪೋಸ್ಟರಿನಲ್ಲೇ ಕಣ್ಣು ಹೊಡೆಯುತ್ತಿದ್ದವು. ಹದಿಮೂರು ರೀಲು ಪಾಪ ತೋರಿಸಿ ಹದಿನಾಲ್ಕನೆಯದರಲ್ಲಿ ದೇವರ ಮನೆ ತೋರಿಸಿದರೆ ಸೆನ್ಸಾರಿನವರಿಗೂ ಸಮಾಧಾನ, ನೋಡಿದ ಗಂಡಸರಿಗೂ ಮನೆಗೆ ಹೋಗಿ ಹೆಂಡತಿಗೆ ಬುದ್ಧಿ ಹೇಳಲು ಒಂದು ನೆಪ. ಹೋದ ವರ್ಷ ಅಂಥ ಚಿತ್ರಗಳ ಬಗ್ಗೆ ಪುಸ್ತಕ ಬರೆಯುತ್ತಿರುವ ಒಬ್ಬರು ನನಗೆ ಫೋನು ಮಾಡಿದ್ದರು. ಅದರಲ್ಲೊಂದನ್ನು ನಿಮ್ಮ ಮನೆಯಲ್ಲೇ ತೆಗೆದದ್ದಂತೆ, ಪ್ರಿಂಟು ಎಲ್ಲೂ ಸಿಗುತ್ತಿಲ್ಲ, ಎಂಥ ನಷ್ಟ ನೋಡಿ ಎಂದರು. ನಷ್ಟ ಅಂತೆ! ಸಿಗದೇ ಇರಲಿ ಸ್ವಾಮಿ ಎಂದು ಫೋನಿಟ್ಟೆ. ಆಮೇಲೆ ಎರಡು ದಿನ ತಲೆ ಕೆಟ್ಟು ಕೂತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಹೇಳುವುದಿಲ್ಲ, ಸಿನಿಮಾದ್ದೂ ಹೇಳುವುದಿಲ್ಲ.

ನಮ್ಮೂರು ಮಂಡ್ಯ ಜಿಲ್ಲೆಯ ಬೆಸಗರಹಳ್ಳಿಯಿಂದ ಎರಡು ಮೈಲಿ. ನಮ್ಮದು ತೊಟ್ಟಿಮನೆ, ಸುತ್ತ ಕಂಬಗಳ ಹಜಾರ. ಅಪ್ಪನಿಗೆ ನಾಲೆ ನೀರಿನ ಗದ್ದೆ, ಕಬ್ಬು, ಊರೊಳಗೆ ಮಾತಿಗೊಂದು ಬೆಲೆ ಇತ್ತು. ಅಕ್ಕನನ್ನು ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಭಾವ ಒಬ್ಬನೇ ಮಗ. ಅತ್ತೆ ಮೊದಲೇ ತೀರಿಕೊಂಡಿದ್ದಳು, ಮನೆಯಲ್ಲಿ ಮಾವನದೇ ದರ್ಬಾರು. ಮದುವೆಯಾದ ಮರುವರ್ಷ ಭಾವನಿಗೆ ಮಂಡ್ಯದ ಹತ್ತಿರ, ವಿ.ಸಿ. ಫಾರಂ ಎನ್ನುವ ಸರ್ಕಾರದ ಕೃಷಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಯಾರದೋ ರೂಮಿನಲ್ಲಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಉಳಿದ ಆರು ದಿನ ಆ ಮನೆಯಲ್ಲಿ ಇದ್ದದ್ದು ಅಕ್ಕ ಮತ್ತು ಆ ಮುದುಕ. ಮುದುಕ ಅನ್ನುವುದು ನನ್ನ ಸಿಟ್ಟಿಗೆ, ಆಗ ಅವನಿಗೆ ಐವತ್ತೂ ತುಂಬಿರಲಿಲ್ಲ.

ರಾಗಿ ಬಿತ್ತುವ ಕಾಲದಲ್ಲಿ ಒಂದು ಬೆಳಿಗ್ಗೆ ಅಕ್ಕ ಮೊದಲ ಬಸ್ಸಿಗೆ ಬಂದುಬಿಟ್ಟಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಅವ್ವ ಅಡುಗೆಮನೆಗೆ ಕರೆದುಕೊಂಡು ಹೋದಳು. ತಂಗಿ ನಾನು, ನನಗಾಗ ಹದಿನೆಂಟು, ಪಿಯುಸಿ ಫೇಲಾಗಿ ಮನೆಯಲ್ಲಿದ್ದೆ. ಒಲೆ ಮುಂದೆಯೇ ಕೂತಿದ್ದೆ. ನನ್ನನ್ನು ಎದ್ದು ಹೋಗು ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

"ಕೋಣೆ ಬಾಗ್ಲು ಅಗುಳಿನ ಕಿತ್ತಾಕ್ಬುಟ್ಟ ಕಣವ್ವ," ಅಂದಳು ಅಕ್ಕ. "ದಿನಾ ರುಬ್ಬೋ ಗುಂಡ ಉಳ್ಳುಸ್ಕಂಡು ಓಗಿ ಬಾಗ್ಲಿಗೆ ಒರಗ್ಸಿ ಮಲಗ್ತಿದ್ದೆ. ನೆನ್ನೆ ಅದೂ ಜರುಗ್ತು. ನಾ ಕಿರುಚ್ಕಂಡೆ, ಪಕ್ಕದ್ಮನೆಯೋರು ದೀಪ ಅಚ್ಚುದ್ರು. ಆಗ ಓದ."

"ಉಸ್ರು ಬುಡ್ಬೇಡ," ಅಂದಳು ಅವ್ವ. "ಯಾರ್ ಕುಟೂ ಆಡ್ಬೇಡ."

ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ ಹಜಾರದ ಕಂಬ ನೋಡುತ್ತಾ ನಿಂತ. "ಬೀಗ್ರು ಅಂತೋರಲ್ಲ. ಇವ್ಳಿಗೆ ಏನ್ ಕನಸ್ ಬಿದ್ದದೋ," ಎಂದು ಟವಲು ಹೆಗಲಿಗೆ ಹಾಕಿಕೊಂಡು ನಾಟಕದ ಪ್ರಾಕ್ಟೀಸಿಗೆ ಹೊರಟುಹೋದ. ಅಕ್ಕನನ್ನು ಅವತ್ತು ಒಂದು ಮಾತೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಊರಿಗೆ ಒಂದು ಕಾರಣ ಬೇಕಲ್ಲ, ಅಕ್ಕನಿಗೆ ಕಾಮಾಲೆ ಎಂದು ಹೇಳಿದರು. ಯಾರಾದರೂ ನೆಂಟರು ಬಂದು ಊಟಕ್ಕೆ ಕೂತರೆ ಅಕ್ಕನ ತಟ್ಟೆಗೆ ಉಪ್ಪು ಖಾರವಿಲ್ಲದ ಮಜ್ಜಿಗೆ ಅನ್ನ. ಎಂಟು ತಿಂಗಳು ಇಲ್ಲದ ಕಾಯಿಲೆಗೆ ಪಥ್ಯ ಮಾಡಿದಳು ನಮ್ಮಕ್ಕ. ಬಂದವರು ಕಾಮಾಲೆಗೆ ಔಷಧಿ ಹೇಳಿ ಹೋಗುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಭಾವ ಬಂದ. ಕೆಟ್ಟವನಲ್ಲ, ಪುಕ್ಕಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕನ ಜೊತೆ ನಿಂತು, ಅವಳ ಮುಖ ನೋಡದೆ ಹೇಳಿದ: "ನಮ್ಮಪ್ಪನ್ನ ನಾ ಏನೂ ಕೇಳಕ್ಕಾಗಕಿಲ್ಲ. ಮಂಡ್ಯದಲ್ಲಿ ಒಂದು ಬಾಡ್ಗೆ ಮನೆ ನೋಡಿವ್ನಿ. ಅಲ್ಲಿರೋರು ಸ್ರಾವಣಕ್ಕೆ ಕಾಲಿ ಮಾಡ್ತಾರಂತೆ. ನಾವಿಬ್ರೇ ಇರಾನ."

"ಅವ್ನ ಮೊಕ ನನ್ ಕಣ್ಣಿಗೆ ಬೀಳ್ಬಾರ್ದು," ಅಂದಳು ಅಕ್ಕ. "ಅಷ್ಟ್ ಮಾಡಿ. ಬತ್ತೀನಿ."

ಅವನು ಹೂಂ ಅಂದ. ಆವತ್ತಿನಿಂದ ಅಕ್ಕ ಅಟ್ಟದ ಮೇಲಿಂದ ಒಂದೊಂದೇ ಪಾತ್ರೆ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ ಬೇರೆ ಇಡತೊಡಗಿದಳು. ಎರಡು ತಪ್ಪಲೆ, ಒಂದು ಕೊಳಗ, ಎರಡು ತಟ್ಟೆ. ಮೂರನೆಯ ತಟ್ಟೆ ಇಡಲಿಲ್ಲ. ಶ್ರಾವಣ ಬಂದರೆ ಅವಳಿಗೆ ಸ್ವಂತ ಅಗುಳಿಯ ಒಂದು ಬಾಗಿಲು ಸಿಗುತ್ತಿತ್ತು. ಅವಳು ಬೇಡಿದ್ದು ಅಷ್ಟೇ.

ಸಂಕ್ರಾಂತಿ ಮುಗಿದು ಕಬ್ಬು ಕಡಿಯುತ್ತಿದ್ದಾಗ ಸಿನಿಮಾದವರು ಬಂದರು. ತೊಟ್ಟಿಮನೆ ಹುಡುಕುತ್ತಾ ವೈದ್ಯನಾಥಪುರದಿಂದ ಶುರುಮಾಡಿ ಹಳ್ಳಿ ಹಳ್ಳಿ ಅಲೆದು ಕೊನೆಗೆ ನಮ್ಮ ಜಗಲಿಯಲ್ಲಿ ಕೂತರು. ನಮ್ಮ ಕಡೆ ಪೌರಾಣಿಕ ನಾಟಕ ಆಡುವ ಪದ್ಧತಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಪಾತ್ರ ಮಾಡುವವನೇ ಪಾತ್ರಕ್ಕೆ ದುಡ್ಡು ಕೊಡುತ್ತಾನೆ. ರಾಜನಾಗಬೇಕೆಂದರೆ ಹೆಚ್ಚು, ಸೇವಕನಾದರೆ ಕಮ್ಮಿ. ಅಪ್ಪ ಇಪ್ಪತ್ತು ವರ್ಷ ಹೀಗೆ ಕೈಯಿಂದ ಹಾಕಿ ರಾಜನಾದವನು. ಆ ನಾಟಕಗಳಲ್ಲಿ ಕಥೆ ಏನೆಂದು ಯಾರೂ ಕೇಳುವುದಿಲ್ಲ, ಕಥೆ ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತು. ಕೇಳುವುದು ಎರಡೇ: ನನಗೆ ಎಷ್ಟು ಮಾತಿದೆ, ತಲೆ ಮೇಲೆ ಏನು ಇಡುತ್ತೀರಿ.

ಡೈರೆಕ್ಟರು ಅಪ್ಪನಿಗೆ ಹೇಳಿದ್ದು ಇಷ್ಟು: "ಮನೆ ಬಿಟ್ಟುಕೊಡಿ ಯಜಮಾನ್ರೇ. ಬಾಡಿಗೆ ಬದಲು ನಿಮಗೇ ಒಂದು ಪಾತ್ರ ಕೊಡ್ತೀವಿ."

ದುಡ್ಡು ಕೊಡದೆ ಪಾತ್ರ! ಅಪ್ಪ ಬಗ್ಗಿ ಕೇಳಿದ: "ಎಷ್ಟು ಮಾತದೆ ನಂಗೆ? ಪೇಟ ಕಟ್ತೀರಾ?"

"ಪೇಟ ಇದೆ. ಊರ ಯಜಮಾನರ ಪಾತ್ರ. ಕೊನೇಲಿ ತೀರ್ಪು ಹೇಳೋರೇ ನೀವು."

ಅಲ್ಲಿಗೆ ಮುಗಿಯಿತು. ಅವ್ವ ಅಡುಗೆಮನೆ ಬಾಗಿಲಿಂದಲೇ ಎಂತಾ ಕತೆಯಂತೆ ಎಂದು ಕೇಳಿದಳು. "ಸಂಸಾರದ ಕತೆ ಬುಡು," ಅಂದ ಅಪ್ಪ.

ಹದಿನೈದು ದಿನ ನಮ್ಮ ಮನೆ ನಮ್ಮದಾಗಿರಲಿಲ್ಲ. ಹುಲ್ಲಿನ ಮೆದೆ ಪಕ್ಕ ಜನರೇಟರಿನ ಲಾರಿ, ಹಜಾರದ ತುಂಬ ವೈರು, ಕಿಟಕಿಗಳಿಗೆ ಕಪ್ಪು ಬಟ್ಟೆ. ಹಸು ಗಾಬರಿಯಾಗಿ ಹಾಲು ಕಮ್ಮಿ ಮಾಡಿತು. ಸೊಸೆಯ ಪಾತ್ರಕ್ಕೆ ಬಂದ ನಟಿ ಸಣಕಲು ಹೆಂಗಸು. ದೊಡ್ಡ ಚಿತ್ರಗಳಲ್ಲಿ ನಾಯಕಿಯ ಗೆಳತಿಯಾಗಿ ಎರಡು ಸಲ ನಕ್ಕು ಹೋಗುವವಳು. ಲೈಟು ಹೊಂದಿಸುವಷ್ಟು ಹೊತ್ತು ಹಿತ್ತಿಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದಳು. ಉಡಲು ಅಕ್ಕನ ಸೀರೆಗಳನ್ನೇ ಕೇಳಿ ಪಡೆದಿದ್ದಳು. ಒಂದು ದಿನ ಅಕ್ಕನನ್ನು ಕೇಳಿದಳು, "ಯಾಕಮ್ಮ ತವರಿನಲ್ಲೇ ಇದ್ದೀಯ?"

ಅಕ್ಕ ಕಾಮಾಲೆ ಅಂದಳು. ಆಕೆ ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಕಾಮಾಲೆ ಆದವರ ಕಣ್ಣು ಹೀಗಿರಲ್ಲ," ಅಂದಳು.

ಅಷ್ಟು ಸಾಕಾಯಿತು. ನಾನು ಅಲ್ಲೇ ಬಟ್ಟೆ ಒಣಗಿಸುತ್ತಿದ್ದೆ. ಅಕ್ಕ ಅಗುಳಿಯಿಂದ ಹಿಡಿದು ಮೊದಲ ಬಸ್ಸಿನವರೆಗೆ ಎಲ್ಲವನ್ನೂ ಹೇಳಿದಳು. ಆಕೆ ಅತ್ತಳು, ಅಕ್ಕನ ಕೈ ಹಿಡಿದುಕೊಂಡು ಆಮೇಲೆ, ಆಮೇಲೆ ಎಂದು ಕೇಳಿದಳು. ಆ ಎಂಟು ತಿಂಗಳಲ್ಲಿ ಆಮೇಲೇನಾಯ್ತು ಎಂದು ಅಕ್ಕನನ್ನು ಕೇಳಿದ ಮೊದಲನೆಯವಳು ಆಕೆಯೇ. ಹೆತ್ತವರಲ್ಲ, ಒಡಹುಟ್ಟಿದ ನಾನೂ ಅಲ್ಲ. ಆಕೆಯ ಮೇಲೆ ನನಗೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಮೇಲಿರುವಷ್ಟು ಇಲ್ಲ.

ಎರಡು ದಿನ ಬಿಟ್ಟು ಡೈರೆಕ್ಟರು, ಮನೆಯಲ್ಲಿ ರುಬ್ಬುವ ಗುಂಡು ಇದೆಯೇ ಎಂದು ಕೇಳಿದ. ಅಕ್ಕನ ಮುಖ ಅರಳಿತು. ಅವಳನ್ನು ಅಷ್ಟು ಖುಷಿಯಾಗಿ ನಾನು ಮದುವೆಯಲ್ಲೂ ನೋಡಿರಲಿಲ್ಲ. "ನನ್ ಕತೆನೇ ಆಕ್ತಾವ್ರೆ ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಅವ್ನು ಎಂತೋನು ಅಂತ ಎಲ್ರೂ ನೋಡ್ಲಿ. ನಾ ಯೋಳಂಗೂ ಇಲ್ಲ, ಸಿನಿಮಾನೇ ಯೋಳ್ತದೆ."

ಗುಂಡು ನಟಿಯ ಕೈಗೆ ಜಗ್ಗಲಿಲ್ಲ. ಎರಡು ಸಲ ನೂಕಿ ಉಗುರು ಮುರಿದುಕೊಂಡಳು. ಕ್ಯಾಮೆರಾದವನು, ಫ್ರೇಮಿಗೆ ಕೈ ಮಾತ್ರ ತಾನೆ ಬೀಳೋದು, ಈ ಅಮ್ಮನ ಕೈಯೇ ಆಗಲಿ ಅಂದ. ಸೀರೆ ಹೇಗೂ ಅಕ್ಕನದೇ. ಅಕ್ಕ ಕೂತು, ಅಭ್ಯಾಸವಿದ್ದವಳಲ್ಲವೇ, ಒಂದೇ ಏಟಿಗೆ ಗುಂಡನ್ನು ಉರುಳಿಸಿ ಬಾಗಿಲಿಗೆ ಒರಗಿಸಿದಳು. ಅವಳ ಬಲಗೈ ಮೇಲೆ ಹೆಬ್ಬೆರಳಿಂದ ಮಣಿಕಟ್ಟಿನವರೆಗೆ ಹಳೆಯ ಕುಡುಗೋಲಿನ ಗಾಯದ ಬಿಳಿ ಗೆರೆ ಇತ್ತು. ಲೈಟಿಗೆ ಅದು ಹೊಳೆಯುತ್ತಿತ್ತು.

"ಇನ್ನೊಂದು ಶಾಟು ಅಮ್ಮ," ಅಂದ ಡೈರೆಕ್ಟರು. "ಬೆಳಗಾಗಿದೆ. ಏಳ್ತೀರಿ, ಗುಂಡು ಪಕ್ಕಕ್ಕೆ ಸರಿಸ್ತೀರಿ. ಅಷ್ಟೇ."

ಅಕ್ಕ ಸರಿಸಿದಳು.

ಆ ಸಂಜೆಯೇ ಅಪ್ಪನ ಪಾತ್ರ. ತೊಟ್ಟಿಯ ಕಂಬದ ಪಕ್ಕ ಪೇಟ ಕಟ್ಟಿ ನಿಲ್ಲಿಸಿದರು. ಮಾತು ಒಂದೇ: "ಆದದ್ದು ಆಗಿಹೋಯಿತು ಮಗಳೇ. ಹೋಗು, ಮಾವನವರ ಕಾಲಿಗೆ ಬಿದ್ದು ಕ್ಷಮೆ ಕೇಳು." ಅಪ್ಪ ಆರು ಸಲ ಕೆಡಿಸಿದ. ಒಮ್ಮೆ ಕೊನೆಯ ಸಾಲಿನವರಿಗೆ ಕೇಳಲೆಂದು ಕೂಗಿದ, ಒಮ್ಮೆ ಕ್ಯಾಮೆರಾವನ್ನೇ ಗುರಾಯಿಸಿದ. ಮಾತು ಮುಗಿದ ಮೇಲೆ ಹಾರ್ಮೋನಿಯಂ ಬರುತ್ತದೆಂದು ಕೈ ಎತ್ತಿಕೊಂಡು ಕಾಯುತ್ತಾ ನಿಂತುಬಿಡುತ್ತಿದ್ದ. ಏಳನೆಯ ಸಲ ಹೇಗೋ ಓಕೆ ಆಯಿತು. ನಾವೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು, ಅಕ್ಕನೂ ನಕ್ಕಳು. ಸಿನಿಮಾವನ್ನು ಹಿಂದುಮುಂದಾಗಿ ತೆಗೆಯುತ್ತಾರೆ. ಯಾರು ಯಾರ ಕಾಲಿಗೆ ಯಾಕೆ ಬೀಳಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ದೊಡ್ಡ ಚಿತ್ರಗಳು ಬರದ ಆಷಾಢದಲ್ಲಿ ಇಂಥವನ್ನು ತಂದು ತಳ್ಳುತ್ತಿದ್ದರು. ಮಂಡ್ಯದಲ್ಲಿ ಜಟಕಾಕ್ಕೆ ಮೈಕು ಕಟ್ಟಿ ಹಸಿರು ಕಾಗದದ ನೋಟೀಸು ಹಂಚಿದರು. "ಸಂಸಾರಸ್ಥರು ನೋಡಲೇಬೇಕಾದ ಚಿತ್ರ" ಎಂದು ಮೇಲೆ, "ವಯಸ್ಕರಿಗೆ ಮಾತ್ರ" ಎಂದು ಕೆಳಗೆ. ಅಪ್ಪ ಎರಡು ಟ್ರಾಕ್ಟರಿನಲ್ಲಿ ಊರನ್ನೇ ತುಂಬಿಕೊಂಡು ಮ್ಯಾಟಿನಿಗೆ ಹೊರಟ. ಅವ್ವ, ಅಕ್ಕ, ನಾನು ಹೆಂಗಸರ ಕಡೆ ಕೂತೆವು.

ಮೊದಲು ಬರೀ ಸಂತೋಷ. ನಮ್ಮ ಕಂಬ, ನಮ್ಮ ಹಸು, ಅವ್ವನ ತುಳಸಿ ಕಟ್ಟೆ ಕಂಡಾಗಲೆಲ್ಲ ನಮ್ಮೂರವರು ಓ ಎಂದು ಕೂಗುತ್ತಿದ್ದರು. ಮಾವನ ಪಾತ್ರದವನು ಭಸ್ಮ ಬಳಿದುಕೊಂಡು ಬಂದ. ಸೊಸೆ ಬಾಗಿಲಿಗೆ ಗುಂಡು ಒರಗಿಸಿದಳು. ಕತ್ತಲಲ್ಲಿ ಅಕ್ಕ ನನ್ನ ತೊಡೆ ಗಟ್ಟಿಯಾಗಿ ಹಿಡಿದುಕೊಂಡಳು, ಇನ್ನೇನು ಎಲ್ಲರಿಗೂ ಗೊತ್ತಾಗುತ್ತದೆ ಎಂಬಂತೆ. ಆಮೇಲೆ ಸೊಸೆ ಕನ್ನಡಿ ಮುಂದೆ ಕೂತು ಹೂ ಮುಡಿದಳು. ಹೊರಗೆ ಹೆಜ್ಜೆ ಸದ್ದು. ತೆರೆಯ ತುಂಬ ಒಂದು ಕೈ ಬಂತು, ಹೆಬ್ಬೆರಳಿಂದ ಮಣಿಕಟ್ಟಿನವರೆಗೆ ಬಿಳಿ ಗೆರೆಯ ಕೈ. ಆ ಕೈ ಗುಂಡನ್ನು ಮೆತ್ತಗೆ ಪಕ್ಕಕ್ಕೆ ಸರಿಸಿತು. ಗಂಡಸರ ಕಡೆಯಿಂದ ಎದ್ದ ಶಿಳ್ಳೆ ಈಗಲೂ ನನ್ನ ಕಿವಿಯಲ್ಲಿದೆ. ಬೆಳಗಿನ ಶಾಟನ್ನು ತಂದು ರಾತ್ರಿಗೆ ಅಂಟಿಸಿದ್ದರು. ಅಲ್ಲಿಂದ ಮುಂದೆ ಮಾವ ಮೋಸಹೋದ ಸಾಧು, ಸೊಸೆ ಮನೆಮುರುಕಿ. ಕೊನೆಯಲ್ಲಿ ಅಪ್ಪ ಪೇಟ ಕಟ್ಟಿಕೊಂಡು ಬಂದು ತೀರ್ಪು ಕೊಟ್ಟ, ಅವಳು ಮಾವನ ಕಾಲಿಗೆ ಬಿದ್ದಳು, ದೇವರಿಗೆ ಮಂಗಳಾರತಿ ಆಯಿತು. ನಮ್ಮೂರವರು ಅಪ್ಪನಿಗೆ ಚಪ್ಪಾಳೆ ಹೊಡೆದರು.

ಅಕ್ಕ ಅಳಲಿಲ್ಲ. ನನ್ನ ತೊಡೆ ಬಿಟ್ಟಳು, ಅಷ್ಟೇ. ವಾಪಸು ಬರುವಾಗ ಟ್ರಾಕ್ಟರಿನಲ್ಲಿ ಅವ್ವ ತನ್ನ ಸೆರಗು ಎಳೆದು ಅಕ್ಕನ ಬಲಗೈಯನ್ನು ಮುಚ್ಚಿ ಹಿಡಿದುಕೊಂಡೇ ಕೂತಿದ್ದಳು. ಅಪ್ಪ ಎಲ್ಲರನ್ನೂ ಕೇಳುತ್ತಿದ್ದ, "ಎಂಗಿತ್ಲಾ ನನ್ ಪಾರ್ಟು?" ಅಪ್ಪನಿಗೆ ಅರ್ಥವಾಗಿರಲಿಲ್ಲ ಎಂದು ನಾನು ನಂಬುವುದಿಲ್ಲ. ಅರ್ಥವಾಗಿತ್ತು, ಆದರೆ ಚಪ್ಪಾಳೆಯೂ ಬಿದ್ದಿತ್ತು.

ಎರಡು ವಾರಕ್ಕೆ ಸಿನಿಮಾ ಮಳವಳ್ಳಿಯ ಟೆಂಟಿಗೆ ಬಂತು. ಅಕ್ಕನ ಮಾವ ಮೂರು ಸಲ ನೋಡಿದನಂತೆ. ಅಲ್ಲಿಯವರೆಗೆ ಪಕ್ಕದ ಮನೆಯವರ ಮುಖ ತಪ್ಪಿಸಿ ಓಡಾಡುತ್ತಿದ್ದವನು ಈಗ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದನಂತೆ. ಶ್ರಾವಣಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಅವನೂ ಭಾವನೂ ಇಬ್ಬರು ಹಿರಿಯರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಮ್ಮೂರಿನ ಯಜಮಾನರೂ ಸೇರಿದರು. ಹಜಾರದಲ್ಲಿ ಚಾಪೆ ಹಾಸಿದೆವು. ಅಕ್ಕ ಕಂಬದ ಹಿಂದೆ ನಿಂತಳು. ಅವನ ಮುಖ ಕಣ್ಣಿಗೆ ಬೀಳಬಾರದು ಎಂದಿದ್ದಳಲ್ಲ, ನೆಲ ನೋಡಿಕೊಂಡೇ ನಿಂತಿದ್ದಳು.

"ನಾನೇನೂ ಯೋಳ್ನಿಲ್ಲಪ್ಪ," ಅಂದ ಮಾವ. "ಸಿನಿಮಾದೋರೇ ತೋರ್ಸವ್ರೆ. ಗುಂಡ ಸರ್ಸಿದ್ ಕೈ ಯಾರ್ದು ಅಂತ ನನ್ ಮಗನ್ನೇ ಕೇಳಿ."

ಭಾವ ಚಾಪೆಯ ದಾರ ಕೀಳುತ್ತಾ, "ಇವಳ್ದೇ. ಕುಡ್ಲು ಗಾಯ ನಂಗೊತ್ತು," ಅಂದ.

"ಅದು ಸಿನಿಮಾಕ್ ಮಾಡಿದ್ದು," ಅಂದಳು ಅಕ್ಕ. "ಬೆಳಕರೀತು, ಗುಂಡ ತೆಗಿ ಅಂದ್ರು. ತೆಗ್ದೆ."

"ಏನೂ ಇಲ್ದೆ ಸಿನಿಮಾ ಯಾಕ್ ತೆಗೀತಾರೆ ಕಣಮ್ಮ?" ಅಂದರು ಮಳವಳ್ಳಿ ಕಡೆಯ ಹಿರಿಯರು. ಆ ಮಾತಿಗೆ ಹಜಾರದಲ್ಲಿ ಎಲ್ಲರೂ ತಲೆಯಾಡಿಸಿದರು. ವರ್ಷ ಕಳೆದರೂ ಅಕ್ಕ ಹೇಳಿದ್ದನ್ನು ನಂಬಲು ಒಬ್ಬರಿಗೂ ಆಗಿರಲಿಲ್ಲ. ಹದಿನಾಲ್ಕು ರೀಲು ಸುಳ್ಳನ್ನು ನಂಬಲು ಒಂದು ಮ್ಯಾಟಿನಿ ಸಾಕಾಗಿತ್ತು. ಹಿರಿಯರು ಮುಂದುವರಿಸಿದರು, "ಇದ್ರಲ್ಲಿ ಎಳ್ದಾಡೋದ್ ಬ್ಯಾಡ. ಅಲ್ಲಿ ಎಂಗಾಯ್ತೋ ಇಲ್ಲೂ ಅಂಗೇ ಆಗ್ಲಿ. ಕಾಲ್ಗೆ ಬಿದ್ಬುಡ್ಲಿ, ಗಂಡನ ಜೊತೆ ಮಂಡ್ಯಕ್ ಓಗ್ಲಿ." ಆಮೇಲೆ ಅಪ್ಪನ ಕಡೆ ತಿರುಗಿ ನಕ್ಕರು. "ನೀನೇ ಯೋಳಯ್ಯ. ಅಲ್ಲೂ ತೀರ್ಪು ನಿಂದೇ ಅಲ್ವಾ."

ಎಲ್ಲರೂ ಅಪ್ಪನನ್ನು ನೋಡಿದರು. ನಾನು ಕೈ ಮುಗಿದುಕೊಂಡಿದ್ದೆ, ನಿಜವಾಗಿ ಮುಗಿದುಕೊಂಡಿದ್ದೆ. ಒಂದು ಸಲ, ಒಂದೇ ಒಂದು ಸಲ ಏನಮ್ಮ ಆಯ್ತು ಎಂದು ಅವಳನ್ನು ಕೇಳಲಿ ಎಂದು. ಅಪ್ಪ ಎದ್ದು ನಿಂತ. ಟವಲನ್ನು ತೆಗೆದು ತಲೆಗೆ ಸುತ್ತಿಕೊಂಡ. ನಮ್ಮ ಹಳ್ಳಿ ಮಾತು ಬಿಟ್ಟು, ಕೂಗದೆ, ಯಾರನ್ನೂ ಗುರಾಯಿಸದೆ, ಹಾರ್ಮೋನಿಯಂಗೆ ಕಾಯದೆ ಹೇಳಿದ:

"ಆದದ್ದು ಆಗಿಹೋಯಿತು ಮಗಳೇ. ಹೋಗು, ಮಾವನವರ ಕಾಲಿಗೆ ಬಿದ್ದು ಕ್ಷಮೆ ಕೇಳು."

ಅಕ್ಕ ತಲೆ ಎತ್ತಿದಳು. ಮಾವನನ್ನಾಗಲಿ ಗಂಡನನ್ನಾಗಲಿ ನೋಡಲಿಲ್ಲ, ಅಪ್ಪನನ್ನು ನೋಡಿದಳು.

"ಇದು ಎಂಟ್ನೇ ಸಲ ಅಪ್ಪಯ್ಯ," ಅಂದಳು. "ಈ ಸಲ ಒಂದೂ ತಪ್ಪಿಲ್ಲ."

ಹೇಳಿ ಒಳಗೆ ಹೋದಳು. ಯಾರು ಕರೆದರೂ ಹೊರಗೆ ಬರಲಿಲ್ಲ. ಮಂಡ್ಯದ ಬಾಡಿಗೆ ಮನೆಗೆ ಬೇರೆ ಯಾರೋ ಬಂದರು. ಮರುವರ್ಷ ಭಾವನಿಗೆ ಇನ್ನೊಂದು ಮದುವೆಯಾಯಿತು, ಆ ಹುಡುಗಿಯನ್ನು ಅವನು ಊರಿನಲ್ಲೇ ಬಿಟ್ಟಿದ್ದ ಎಂದು ಕೇಳಿದೆವು. ಅವಳಿಗೆ ಒಂದು ಕಾಗದ ಬರೆಯಬೇಕೆಂದು ನಾನು ಅಂದುಕೊಂಡೆ, ಬರೆಯಲಿಲ್ಲ. ಅಪ್ಪನನ್ನು ಮತ್ತೆ ಯಾವ ಸಿನಿಮಾದವರೂ ಕರೆಯಲಿಲ್ಲ. ಆದರೂ ಬಂದವರಿಗೆಲ್ಲ ಕಂಬ ತೋರಿಸಿ ಇಲ್ಲೇ ನಿಂತಿದ್ದೆ ಎಂದು ಸಾಯುವವರೆಗೂ ಹೇಳುತ್ತಿದ್ದ.

ತಿಕ್ಕಿ ಇಟ್ಟಿದ್ದ ತಪ್ಪಲೆ ತಟ್ಟೆಗಳನ್ನು ಅಕ್ಕ ಮರುದಿನವೇ ಅಟ್ಟಕ್ಕೆ ಹಾಕಿದಳು. ಅದುವರೆಗೆ ಅವ್ವನ ಮತ್ತು ನನ್ನ ಜೊತೆ ಹಜಾರದಲ್ಲಿ ಮಲಗುತ್ತಿದ್ದವಳು ಹಿಂದಿನ ಕೋಣೆಗೆ ಚಾಪೆ ಎಳೆದುಕೊಂಡು ಹೋದಳು. ಆ ಬಾಗಿಲಿಗೆ ಗಟ್ಟಿಯಾದ ಅಗುಳಿ ಇತ್ತು. ಅಗುಳಿ ಹಾಕಿದ ಮೇಲೂ ಅವಳು ರುಬ್ಬುವ ಗುಂಡನ್ನು ಉರುಳಿಸಿ ಒಳಗಿನಿಂದ ಬಾಗಿಲಿಗೆ ಒರಗಿಸುವ ಸದ್ದು ನಮ್ಮೆಲ್ಲರಿಗೂ ಕೇಳುತ್ತಿತ್ತು. ಬೆಳಿಗ್ಗೆ ಚಟ್ನಿ ರುಬ್ಬಬೇಕಾದರೆ ಅವ್ವ ಹೋಗಿ ಬಾಗಿಲು ತಟ್ಟಿ, ನಾನು ಕಣವ್ವ ಎಂದು ಹೇಳಿ, ಗುಂಡು ಕೇಳಿ ತರಬೇಕಾಗಿತ್ತು.